ಮಂಗನ ಕಿಡ್ನಿಯಲ್ಲಿ ಪಾಸಾದ ಗುಳಿಗೆ

2006ನೇ ಇಸವಿ ನಮ್ಮ ಗುಳೇದಗುಡ್ಡದವರಿಗೆ ಇನ್ನೂ ಮರೆತಿಲ್ಲ. ಓಣಿಗೆ ಓಣಿಯೇ ಚಿಕುನ್‌ಗುನ್ಯಾ ಬಂದು ಮಲಗಿತ್ತು. ನೇಕಾರರ ಊರು ನೋಡಿ, ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯಬೇಕು, ಆ ಮೊಣಕಾಲೇ ಮಡಚಲು ಬರಲ್ಲ ಅಂದ್ರೆ ಮುಗೀತು. ಜ್ವರ ನಾಲ್ಕೈದು ದಿನಕ್ಕೆ ಬಿಟ್ಟಿತು, ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಹೆಸರಿನಲ್ಲಿ ‘ಚಿಕನ್’ ಕೇಳಿಸಿತು ಅಂತ ಎಷ್ಟೋ ಮನೆಯವರು ಕೋಳಿ ತಿನ್ನೋದನ್ನೇ ಬಿಟ್ಟಿದ್ದರು. ಅಸಲಿಗೆ ಅದು ಆಫ್ರಿಕಾದ ಮಕೊಂಡೆ ಭಾಷೆಯ ಮಾತು, ಮೈ ಬಾಗಿ ಹೋಗುವುದು ಅಂತ ಅರ್ಥ. ಆ ವರ್ಷ ಕರ್ನಾಟಕವೊಂದರಲ್ಲೇ ಸುಮಾರು ಏಳೂವರೆ ಲಕ್ಷ ಶಂಕಿತ ರೋಗಿಗಳು ದಾಖಲಾದರು.

ನಮ್ಮ ಕಾಕಾ ಆಗ ಮೂರು ತಿಂಗಳು ಮಗ್ಗಕ್ಕೆ ಇಳಿದಿರಲಿಲ್ಲ. ಮೊನ್ನೆ ಊರಿಗೆ ಹೋದಾಗ ಮೊಬೈಲ್ ಮುಂದೆ ಹಿಡಿದರು. ಅಮೃತಬಳ್ಳಿಯ ರಸ ಚಿಕುನ್‌ಗುನ್ಯಾ ವೈರಸ್ಸನ್ನು ಲ್ಯಾಬಿನಲ್ಲಿ ಪೂರ್ತಿ ಕೊಂದುಹಾಕಿದೆ ಅಂತ ಯಾರೋ ಕಳಿಸಿದ ವಾಟ್ಸಾಪ್ ಸಂದೇಶ. ‘ಇಷ್ಟ ವರ್ಷ ಆತು ತಮ್ಮಾ, ಬಳ್ಳಿ ಹಿತ್ತಲದಾಗ ಐತಿ, ವೈರಸ್ ಲ್ಯಾಬಿನಾಗ ಸತ್ತೈತಿ, ನೀವು ಲ್ಯಾಬಿನಾವ್ರು ಒಂದು ಗುಳಿಗಿ ಯಾಕ ಮಾಡವಲ್ರಿ?’

ನಾನು ಎರಡು ವರ್ಷ ಒಂದು ವೈರಸ್ ಲ್ಯಾಬಿನಲ್ಲಿ ಸಹಾಯಕನಾಗಿ ಇದ್ದವನು, ಅಷ್ಟೇ. ಆದರೂ ಮನೆಯವರ ಲೆಕ್ಕದಲ್ಲಿ ಎಲ್ಲಾ ವೈರಸ್ಸಿಗೂ ನಾನೇ ಜವಾಬ್ದಾರ. ಅವತ್ತು ಕಟ್ಟೆ ಮೇಲೆ ಕೂತು ಕಾಕಾಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ಲ್ಯಾಬಿನ ತಟ್ಟೆಯಲ್ಲಿ ವೈರಸ್ ಕೊಲ್ಲುವುದು ಅಂಥ ದೊಡ್ಡ ಸಾಹಸ ಅಲ್ಲ. ಯಾವ ಜೀವಕೋಶದಲ್ಲಿ, ಎಷ್ಟು ಡೋಸಿಗೆ, ಯಾವಾಗ ಕೊಟ್ಟಾಗ ಸತ್ತಿತು ಅನ್ನೋದರಲ್ಲೇ ಎಲ್ಲಾ ಅಡಗಿದೆ.

ಬ್ಯಾಕ್ಟೀರಿಯಾ ಆದರೆ ಕೆಲಸ ಸುಲಭ. ಜೆಲ್ಲಿ ಥರದ ಆಹಾರ ಹಾಕಿದ ತಟ್ಟೆಯಲ್ಲಿ ಬಿಟ್ಟರೆ ಹೆಚ್ಚಿನವು ತಾವೇ ಬೆಳೆಯುತ್ತವೆ. ವೈರಸ್ ಹಾಗಲ್ಲ, ಜೀವಂತ ಕೋಶದ ಒಳಗೆ ಹೊಕ್ಕರೆ ಮಾತ್ರ ಮರಿ ಹಾಕುತ್ತದೆ. ಹಾಗಾಗಿ ಮೊದಲು ಕೋಶ ಬೆಳೆಸಬೇಕು. ಲ್ಯಾಬುಗಳಲ್ಲಿ ಇದಕ್ಕೆ ಜಾಸ್ತಿ ಬಳಸೋದು ವೆರೋ ಅನ್ನೋ ಕೋಶ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಾಸುಮುರಾ ಮತ್ತು ಕವಾಕಿತಾ ಅನ್ನುವವರು ಒಂದು ಆಫ್ರಿಕನ್ ಹಸಿರು ಮಂಗದ ಕಿಡ್ನಿಯಿಂದ ಇದನ್ನು ತೆಗೆದರು. ಎಸ್ಪೆರಾಂಟೋ ಭಾಷೆಯಲ್ಲಿ ಹಸಿರು ಕಿಡ್ನಿಗೆ ‘ವೆರ್ದಾ ರೇನೋ’ ಅಂತಾರೆ, ಅದನ್ನೇ ಚಿಕ್ಕದು ಮಾಡಿ ವೆರೋ ಆಯಿತು. ಆ ಮಂಗ ಸತ್ತು ಎಷ್ಟೋ ಕಾಲ ಆಯಿತು, ಅದರ ಕಿಡ್ನಿ ಮಾತ್ರ ಇವತ್ತಿಗೂ ಜಗತ್ತಿನ ಸಾವಿರಾರು ಲ್ಯಾಬುಗಳಲ್ಲಿ ಬದುಕಿದೆ. ನಮ್ಮ ಮನೆಗಳಲ್ಲಿ ಪಕ್ಕದ ಮನೆಯಿಂದ ಹೆಪ್ಪು ತಂದು ಮೊಸರು ಮುಂದುವರಿಸುತ್ತೇವಲ್ಲ, ಅದೇ ಥರ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ.

ವೆರೋ ಮೇಲೆ ಎಲ್ಲರಿಗೂ ಪ್ರೀತಿ ಯಾಕಂದ್ರೆ ಅದು ತೀರಾ ಬಡಪಾಯಿ. ನಮ್ಮ ಕೋಶಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಅನ್ನೋ ವಸ್ತು ಹೊರಬಿಟ್ಟು ಅಕ್ಕಪಕ್ಕದ ಕೋಶಗಳಿಗೆ ಕೂಗಿ ಹೇಳುತ್ತದೆ. ವೆರೋಗೆ ಆ ಕೂಗುವ ಜೀನ್‌ಗಳೇ ಇಲ್ಲ. ಬಾಗಿಲು ತೆರೆದಿದೆ, ಕೂಗುವವರಿಲ್ಲ, ಬಹಳಷ್ಟು ವೈರಸ್ಸುಗಳು ಸಲೀಸಾಗಿ ಬೆಳೆಯುತ್ತವೆ. ಇದೇ ಅದರ ಅನುಕೂಲ, ಮುಂದೆ ನೋಡುತ್ತೀರಿ, ಇದೇ ಅದರ ಮೋಸ ಕೂಡ.

ಈಗ ತಟ್ಟೆ. ಪಡ್ಡಿನ ಹಂಚು ಗೊತ್ತಲ್ಲ, ಅದನ್ನು ಅಂಗೈ ಅಗಲಕ್ಕೆ ಕುಗ್ಗಿಸಿ, ಪ್ಲಾಸ್ಟಿಕ್‌ನಲ್ಲಿ ಮಾಡಿ, ಎಂಟು ಸಾಲು ಹನ್ನೆರಡು ಕಂಬದಂತೆ 96 ಕುಳಿ ಇಟ್ಟರೆ ಅದೇ ನಮ್ಮ ಪ್ಲೇಟ್. 1951ರಲ್ಲಿ ಹಂಗೇರಿಯ ಗ್ಯೂಲಾ ಟಕಾಚಿ ಅನ್ನುವವರು ಇದರ ಮೊದಲ ರೂಪ ಮಾಡಿದರು. ಒಂದೊಂದು ಕುಳಿಯಲ್ಲೂ ಸುಮಾರು ಹತ್ತು ಸಾವಿರ ಕೋಶ, ಮೇಲೆ ಗುಲಾಬಿ ಬಣ್ಣದ ಪೋಷಕ ದ್ರಾವಣ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಒಂದು ರಾತ್ರಿ ಇಟ್ಟರೆ ಕೋಶಗಳು ತಳಕ್ಕೆ ಅಂಟಿ, ನೆಲಕ್ಕೆ ಕಲ್ಲು ಹಾಸಿದ ಹಾಗೆ ಒಂದಕ್ಕೊಂದು ತಾಗಿ ಕೂರುತ್ತವೆ. ಅಂಚಿನ ಕುಳಿಗಳಲ್ಲಿ ನೀರು ಬೇಗ ಆರುತ್ತದೆ, ಅಲ್ಲಿನ ಲೆಕ್ಕ ನಂಬೋ ಹಾಗಿಲ್ಲ, ಅದಕ್ಕೇ ಎಷ್ಟೋ ಕಡೆ ಸುತ್ತಲಿನ ಒಂದು ಸಾಲಿಗೆ ಬರೀ ಉಪ್ಪುನೀರು ತುಂಬಿಬಿಡುತ್ತಾರೆ. ಇಂಥ ಸಣ್ಣ ಸಣ್ಣ ವಿಷಯಕ್ಕೇ ಅರ್ಧ ವರ್ಷ ಹೋಗುತ್ತದೆ.

ಔಷಧಿಯನ್ನು ಒಂದೇ ಡೋಸಿನಲ್ಲಿ ಹಾಕಲ್ಲ. 100 ಇದ್ದರೆ ಪಕ್ಕದ ಕುಳಿಗೆ 50, ಆಮೇಲೆ 25, ಹನ್ನೆರಡೂವರೆ, ಹೀಗೆ ಅರ್ಧ ಅರ್ಧ ಮಾಡುತ್ತಾ ಇಳಿಯಬೇಕು. ಬಹಳಷ್ಟು ರಾಸಾಯನಿಕ ನೀರಿನಲ್ಲಿ ಕರಗಲ್ಲ, ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಬೇಕು. ಆ ದ್ರಾವಕ ಜಾಸ್ತಿಯಾದರೆ ಅದೇ ಕೋಶ ಸಾಯಿಸುತ್ತದೆ, ಆದ್ದರಿಂದ ಔಷಧಿ ಇಲ್ಲದೆ ಬರೀ ಡಿಎಂಎಸ್‌ಒ ಹಾಕಿದ ಕುಳಿಗಳೂ ಬೇಕು. ವೈರಸ್ ಮಾತ್ರ ಇರುವ ಕುಳಿ, ಏನೂ ಹಾಕದ ಕುಳಿ, ಔಷಧಿ ಇದ್ದು ವೈರಸ್ ಇಲ್ಲದ ಕುಳಿ, ಎರಡೂ ಇರುವ ಕುಳಿ. ಈ ನಾಲ್ಕೂ ಇಲ್ಲದ ಪ್ರಯೋಗ ಯಾರಾದರೂ ತೋರಿಸಿದರೆ ಎದ್ದು ಚಹಾ ಕುಡಿಯಲು ಹೋಗಬಹುದು.

ಎರಡು ಮೂರು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೈರಸ್ ಹೊಕ್ಕ ಕೋಶಗಳು ಗುಂಡಗಾಗಿ, ಮುದುಡಿ, ತಳ ಬಿಟ್ಟು ತೇಲುತ್ತಿರುತ್ತವೆ. ಕಣ್ಣಿನ ಅಂದಾಜು ಸಾಲದು ಅಂತ ಎಂಟಿಟಿ ಅನ್ನೋ ಹಳದಿ ಪುಡಿಯ ದ್ರಾವಣ ಹಾಕುತ್ತಾರೆ. ಕೋಶ ಬದುಕಿದ್ದರೆ ಅದು ಹಳದಿಯನ್ನು ಬದನೆಕಾಯಿ ಬಣ್ಣ ಮಾಡುತ್ತದೆ, ಸತ್ತಿದ್ದರೆ ಹಳದಿ ಹಳದಿಯಾಗೇ ಉಳಿಯುತ್ತದೆ. ಯಂತ್ರದಲ್ಲಿ ಇಟ್ಟು ಬಣ್ಣ ಅಳೆದರೆ ಎಷ್ಟು ಕೋಶ ಉಳಿದವು ಅನ್ನೋ ಅಂಕಿ ಬರುತ್ತದೆ.

ನನ್ನ ಮೊದಲ ತಿಂಗಳಲ್ಲೇ ಒಂದು ಫಜೀತಿ ಆಯಿತು. ಒಂದು ಸಾಲಿನ ಕುಳಿಗಳ ದ್ರಾವಣದಲ್ಲಿ ಹುಡುಕಿದರೆ ವೈರಸ್ಸೇ ಇಲ್ಲ! ಔಷಧಿ ಸಿಕ್ಕೇಬಿಟ್ಟಿತು ಅಂತ ಓಡಿ ಹೋಗಿ ಲ್ಯಾಬಿನ ಹಿರಿಯ ಅಕ್ಕನನ್ನು ಕರಕೊಂಡು ಬಂದೆ. ಅವರು ಪ್ಲೇಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅರ್ಧ ನಿಮಿಷ ನೋಡಿ, ‘ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟಿದ್ದೀಯಲ್ಲೋ’ ಅಂದರು. ನನ್ನ ಔಷಧಿ ಕೋಶಗಳನ್ನೇ ಕೊಂದಿತ್ತು. ಮನೆಯೇ ಇಲ್ಲ ಅಂದ ಮೇಲೆ ವೈರಸ್ ಎಲ್ಲಿ ಬೆಳೆಯಬೇಕು? ಔಷಧಿ ಇದ್ದು ವೈರಸ್ ಇಲ್ಲದ ಕುಳಿಗಳನ್ನು ನಾನು ಬಿಟ್ಟುಬಿಟ್ಟಿದ್ದೆ.

ಇದಕ್ಕೇ ಎರಡು ಅಂಕಿ ಯಾವಾಗಲೂ ಜೊತೆಗೇ ಬರಬೇಕು. ವೈರಸ್ಸಿನ ಹಾವಳಿಯನ್ನು ಅರ್ಧಕ್ಕೆ ಇಳಿಸುವ ಡೋಸು ಇಸಿ50. ಅರ್ಧದಷ್ಟು ಕೋಶಗಳನ್ನೇ ಸಾಯಿಸುವ ಡೋಸು ಸಿಸಿ50. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರೋದು ಆಯ್ಕೆ ಸೂಚ್ಯಂಕ. ಅದು 10 ದಾಟಿದರೆ ಸಾಮಾನ್ಯವಾಗಿ ಮುಂದೆ ನೋಡೋಣ ಅನ್ನುತ್ತಾರೆ, ಎರಡು ಮೂರು ಇದ್ದರೆ ಇಲಿ ಮತ್ತು ಮನೆ ಒಟ್ಟಿಗೇ ಹೋಗುತ್ತವೆ ಅಂತ ಅರ್ಥ. ಕಾಕಾ ತೋರಿಸಿದ ಸಂದೇಶದಲ್ಲಿ ಮೊದಲನೇ ಅಂಕಿಯೂ ಇರಲಿಲ್ಲ, ಎರಡನೆಯದೂ ಇರಲಿಲ್ಲ.

ನನಗೆ ಇಷ್ಟವಾದ ಪರೀಕ್ಷೆ ಮಾತ್ರ ಪ್ಲಾಕ್ ಪರೀಕ್ಷೆ. 1952ರಲ್ಲಿ ರೆನಾಟೋ ಡುಲ್ಬೆಕ್ಕೋ ಅನ್ನೋ ವಿಜ್ಞಾನಿ ಪ್ರಾಣಿ ವೈರಸ್ಸುಗಳಿಗೆ ಇದನ್ನು ತಂದರು, ಇವತ್ತಿಗೂ ಇದನ್ನು ಮೀರಿಸಿದ್ದು ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕೋಶಗಳ ಹಾಸಿನ ಮೇಲೆ ತೆಳು ಮಾಡಿದ ವೈರಸ್ ಹಾಕಿ, ಆಮೇಲೆ ಗಂಜಿಯಂಥ ದಪ್ಪ ದ್ರಾವಣ ಸುರಿಯುತ್ತಾರೆ. ದ್ರಾವಣ ದಪ್ಪ ಇರುವುದರಿಂದ ವೈರಸ್ ದೂರ ಹರಿದು ಹೋಗಲಾರದು, ಪಕ್ಕದ ಕೋಶಕ್ಕೆ, ಅದರ ಪಕ್ಕದ್ದಕ್ಕೆ, ಹೀಗೆ ಸುತ್ತಲೂ ತಿನ್ನುತ್ತಾ ಹೋಗುತ್ತದೆ. ಎರಡು ಮೂರು ದಿನಕ್ಕೆ ಗಂಜಿ ತೊಳೆದು ನೇರಳೆ ಬಣ್ಣ ಹಾಕಿದರೆ ಬದುಕಿದ ಕೋಶಗಳು ಬಣ್ಣ ಹಿಡಿಯುತ್ತವೆ, ಸತ್ತ ಜಾಗ ಬಿಳಿ ತೂತಾಗಿ ಕಾಣುತ್ತದೆ. ಪೆಟ್ಟಿಗೆಯಲ್ಲಿಟ್ಟ ಖಣದ ಬಟ್ಟೆಗೆ ನುಸಿ ಹಿಡಿದ ಹಾಗೆ. ಕಾಕಾಗೆ ಇಲ್ಲಿ ತಕ್ಷಣ ಅರ್ಥವಾಯಿತು, ಹೆಚ್ಚು ಹೇಳಬೇಕಾಗಲಿಲ್ಲ. ಒಂದು ತೂತು ಅಂದ್ರೆ ಶುರುವಿಗೆ ಅಲ್ಲಿ ಬಿದ್ದದ್ದು ಒಂದೇ ವೈರಸ್. ಬರಿಗಣ್ಣಿಗೆ ಕಾಣದ ವಸ್ತುವನ್ನು ಬೆರಳು ಮಡಚಿ ಎಣಿಸಬಹುದು! ಔಷಧಿ ಇಲ್ಲದ ಕಡೆ 80 ತೂತು, ಔಷಧಿ ಹಾಕಿದ ಕಡೆ 40 ಆದರೆ ಅದೇ ನಿಮ್ಮ ಅರ್ಧಕ್ಕೆ ಇಳಿಸುವ ಡೋಸು.

ಗಿಡಮೂಲಿಕೆ ತಂದರೆ ಇದೆಲ್ಲ ಇನ್ನಷ್ಟು ಗೋಜಲು. ಬೆಳಗಾವಿಯಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ, ನಾಡಮದ್ದನ್ನು ಲ್ಯಾಬಿನ ಒರೆಗೆ ಹಚ್ಚಿ ನೋಡುವ ಕೆಲಸ ಅಲ್ಲಿಯದು, ಅದು ಹಗುರ ಕೆಲಸ ಅಲ್ಲ. ಒಂದು ಕಷಾಯದಲ್ಲಿ ನೂರಾರು ವಸ್ತು ಇರುತ್ತವೆ. ಒಗರು ಇರುವ ಟ್ಯಾನಿನ್ ಎದುರು ಬಂದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ, ವೈರಸ್ಸಿಗೂ ಅಂಟುತ್ತದೆ, ತಟ್ಟೆಯಲ್ಲಿ ಗೆಲ್ಲುತ್ತದೆ, ಹೊಟ್ಟೆಗೆ ಹೋದರೆ ದಾರಿಯಲ್ಲಿ ಸಿಕ್ಕ ಅನ್ನದ ಪ್ರೋಟೀನಿಗೇ ಅಂಟಿ ಕೂರುತ್ತದೆ. ಇನ್ನೊಂದು ತಮಾಷೆ ಹೇಳುತ್ತೇನೆ. ಕೆಲವು ಗಿಡದ ರಸಗಳು ಕೋಶದ ಸಹಾಯ ಇಲ್ಲದೆಯೇ ಎಂಟಿಟಿಯ ಹಳದಿಯನ್ನು ನೇರಳೆ ಮಾಡಿಬಿಡುತ್ತವೆ. ಯಂತ್ರ ಪಾಪ, ಬಣ್ಣ ನೋಡಿ ಕೋಶಗಳು ಬದುಕಿವೆ ಅನ್ನುತ್ತದೆ. ಕುಳಿಯಲ್ಲಿ ಒಂದೂ ಬದುಕಿರಲ್ಲ. ನಮ್ಮ ತೇರದಾಳ, ರಾಯಬಾಗ ಕಡೆಯ ಅರಿಶಿಣದ ಕರ್ಕ್ಯುಮಿನ್ ಇಂಥ ಮೋಸಕ್ಕೆ ಹೆಸರಾದದ್ದು. ಅದು ಹೊಳೆಯುತ್ತದೆ, ಕಂಡದ್ದಕ್ಕೆಲ್ಲ ಅಂಟುತ್ತದೆ, ದ್ರಾವಣದಲ್ಲಿ ಬೇಗ ಒಡೆದು ಹೋಗುತ್ತದೆ, ಹಾಗಾಗಿ ಎಷ್ಟೋ ಪರೀಕ್ಷೆಗಳಲ್ಲಿ ಸುಮ್ನೆ ಪಾಸಾಗುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಇದನ್ನೆಲ್ಲ ಕೂಡಿಸಿ ಉದ್ದಕ್ಕೆ ಬರೆದಿತ್ತು. ಅರಿಶಿಣವನ್ನು ಅಡುಗೆಗೆ ಹಾಕೋದಕ್ಕೆ ನನ್ನ ತಕರಾರಿಲ್ಲ.

ಬರೀ ಗಿಡದ ವಿಷಯ ಅಂದುಕೊಳ್ಳಬೇಡಿ, ಅಂಗಡಿಯಲ್ಲಿ ಸಿಗುವ ಗುಳಿಗೆಯ ಕಥೆಯೇ ಇನ್ನೂ ದೊಡ್ಡದು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ ನೆನಪಿದೆಯಾ, ನಾಲಿಗೆಗೆ ತಾಗಿದರೆ ದಿನವಿಡೀ ಕಹಿ. ಅದು ಈ ಪರೀಕ್ಷೆಯಲ್ಲಿ ಎರಡು ಸಲ ಮೊದಲ ದರ್ಜೆಯಲ್ಲಿ ಪಾಸಾಗಿ ಎರಡು ಸಲವೂ ರೋಗಿಯ ಹತ್ತಿರ ಫೇಲಾಯಿತು.

ಮೊದಲ ಸಲ ನಮ್ಮ ಚಿಕುನ್‌ಗುನ್ಯಾಕ್ಕೇ. ಈ ವೈರಸ್ ಕೋಶದೊಳಗೆ ಒಂದು ಸಣ್ಣ ಚೀಲದಲ್ಲಿ ಕೂತು ಹೋಗುತ್ತದೆ. ಆ ಚೀಲ ಒಳಗೆ ಹೋಗುತ್ತಾ ಹುಳಿಯಾಗುತ್ತದೆ, ಹುಳಿ ತಾಗಿದಾಗಲೇ ವೈರಸ್ ಬಿಚ್ಚಿಕೊಂಡು ಹೊರಬರೋದು. ಕ್ಲೋರೋಕ್ವಿನ್ ಆ ಹುಳಿಯನ್ನು ತೆಗೆದುಬಿಡುತ್ತದೆ, ವೈರಸ್ ಚೀಲದಲ್ಲೇ ಸಿಕ್ಕಿಬೀಳುತ್ತದೆ. ವೆರೋ ಕೋಶದಲ್ಲಿ ಚೆನ್ನಾಗೇ ಕೆಲಸ ಮಾಡಿತು. 2006ರಲ್ಲಿ ನಾವು ಇಲ್ಲಿ ನರಳುತ್ತಿದ್ದಾಗಲೇ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲೂ ಅದೇ ರೋಗ ಇತ್ತು, ಅಲ್ಲಿ 54 ರೋಗಿಗಳ ಮೇಲೆ ಒಂದು ಸಣ್ಣ ಟ್ರಯಲ್ ನಡೆಯಿತು. ಕ್ಲೋರೋಕ್ವಿನ್ ತಗೊಂಡವರಿಗೂ ಹುಸಿಗುಳಿಗೆ ತಗೊಂಡವರಿಗೂ ಜ್ವರದಲ್ಲಿ ವ್ಯತ್ಯಾಸ ಇರಲಿಲ್ಲ. 200ನೇ ದಿನ ಕೇಳಿದರೆ, ಕ್ಲೋರೋಕ್ವಿನ್ ತಗೊಂಡವರಲ್ಲೇ ಕೀಲುನೋವು ಹೇಳಿದವರು ಜಾಸ್ತಿ! ಮುಂದೆ 2018ರಲ್ಲಿ ಪ್ರಕಟವಾದ ಮಂಗಗಳ ಮೇಲಿನ ಪ್ರಯೋಗದಲ್ಲಿ, ಮೊದಲೇ ಈ ಗುಳಿಗೆ ಕೊಟ್ಟಾಗ ದೇಹದ ರಕ್ಷಣೆ ಏಳೋದು ತಡವಾಗಿ ರೋಗ ಇನ್ನೂ ಜೋರಾಯಿತು ಅಂತ ಗೊತ್ತಾಯಿತು. ರಕ್ಷಣೆಯೇ ಇಲ್ಲದ ವೆರೋ ಕೋಶದಲ್ಲಿ ಇದು ಹೇಗೆ ಕಾಣಬೇಕು?

ಎರಡನೇ ಸಲ ಕೊರೋನಾ. 2020ರ ಫೆಬ್ರುವರಿಯಲ್ಲಿ ಚೀನಾದಿಂದ ಬಂದ ಒಂದು ಚಿಕ್ಕ ಲೇಖನದಲ್ಲಿ ವೆರೋ ಕೋಶದ ಅಂಕಿಗಳಿದ್ದವು. ಕ್ಲೋರೋಕ್ವಿನ್‌ನ ಇಸಿ50 1.13 ಮೈಕ್ರೋಮೋಲಾರ್ (ದ್ರಾವಣ ಎಷ್ಟು ಗಟ್ಟಿ ಅನ್ನೋದರ ಅಳತೆ), ಸಿಸಿ50 100ಕ್ಕಿಂತ ಮೇಲೆ, ಅಂದ್ರೆ ಸೂಚ್ಯಂಕ 88 ದಾಟಿತು. ಭರ್ಜರಿ ಅಂಕ, ಅಲ್ವಾ? ಕ್ಲೋರೋಕ್ವಿನ್‌ಗೂ ಅದರ ತಮ್ಮ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೂ ಜಗತ್ತೇ ಮುಗಿಬಿತ್ತು. ಅದೇ ವರ್ಷ ಜರ್ಮನಿಯ ಸಂಶೋಧಕರು ಇದೇ ಪರೀಕ್ಷೆಯನ್ನು ಮನುಷ್ಯರ ಶ್ವಾಸಕೋಶದಿಂದ ಬಂದ ‘ಕಾಲು-3’ (Calu-3) ಅನ್ನೋ ಕೋಶದಲ್ಲಿ ಮಾಡಿದರು. ಏನೂ ಇಲ್ಲ, ವೈರಸ್ ಆರಾಮಾಗಿ ಬೆಳೆಯಿತು. ಕಾರಣ ಸರಳ. ಶ್ವಾಸಕೋಶದ ಕೋಶದ ಹೊಸ್ತಿಲಲ್ಲೇ ಟಿಎಂಪಿಆರ್‌ಎಸ್‌ಎಸ್‌2 ಅನ್ನೋ ಕತ್ತರಿ ಇದೆ, ಅದು ವೈರಸ್ಸಿನ ಮುಳ್ಳನ್ನು ಅಲ್ಲೇ ಕತ್ತರಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಹುಳಿ ಚೀಲದ ದಾರಿಯೇ ಬೇಡ. ಮಂಗನ ಕಿಡ್ನಿಯಲ್ಲಿ ಆ ಕತ್ತರಿ ಇಲ್ಲ, ಅಲ್ಲಿ ವೈರಸ್ಸಿಗೆ ಚೀಲದ ದಾರಿಯೊಂದೇ ಗತಿ. ಕ್ಲೋರೋಕ್ವಿನ್ ಮುಚ್ಚಿದ್ದು ಹಿತ್ತಲ ಬಾಗಿಲು, ನಮ್ಮ ಪುಪ್ಪುಸದಲ್ಲಿ ಕಳ್ಳ ಬರುತ್ತಿದ್ದದ್ದು ತಲೆಬಾಗಿಲಿನಿಂದ. ಬ್ರಿಟನ್ನಿನ ‘ರಿಕವರಿ’ ಅನ್ನೋ ಹೆಸರಿನ ಟ್ರಯಲ್‌ನಲ್ಲಿ 4,700ಕ್ಕೂ ಹೆಚ್ಚು ಆಸ್ಪತ್ರೆ ರೋಗಿಗಳನ್ನು ನೋಡಿದಾಗ 28 ದಿನದೊಳಗೆ ಸತ್ತವರು ಹೈಡ್ರಾಕ್ಸಿಕ್ಲೋರೋಕ್ವಿನ್ ಗುಂಪಿನಲ್ಲಿ ಶೇ. 27, ಅದಿಲ್ಲದ ಗುಂಪಿನಲ್ಲಿ ಶೇ. 25. ಉಪಯೋಗ ಸೊನ್ನೆ.

ಅದೇ ಫೆಬ್ರುವರಿ ಲೇಖನದಲ್ಲಿ ರೆಮ್‌ಡೆಸಿವಿರ್ ಕೂಡ ಇತ್ತು, ಇಸಿ50 0.77. ಅದು ಕೂಡಾ ಹೊಸ ಔಷಧಿಯಲ್ಲ. ಕಾಂಗೋದ ಎಬೋಲಾ ಟ್ರಯಲ್‌ನಲ್ಲಿ 2019ರಲ್ಲಿ ಆಂಟಿಬಾಡಿ ಔಷಧಿಗಳ ಎದುರು ಸೋತು ಪಕ್ಕಕ್ಕೆ ಸರಿದಿತ್ತು. ಹೊಸ ವೈರಸ್ ಬಂದಾಗ ಮೊದಲು ಹೀಗೆ ಕಪಾಟಿನಲ್ಲಿ ಇರುವುದನ್ನೇ ತಡಕಾಡುತ್ತಾರೆ, ಯಾಕಂದ್ರೆ ಮನುಷ್ಯರಿಗೆ ಕೊಟ್ಟು ನೋಡಿದ ಗುಳಿಗೆಯ ಅಡ್ಡಪರಿಣಾಮ ಮೊದಲೇ ಗೊತ್ತಿರುತ್ತದೆ. ಕೊರೋನಾ ಕಾಲದಲ್ಲಿ ಒಂದು ತಂಡ ಸುಮಾರು 12,000 ಔಷಧಿಗಳ ಇಡೀ ಭಂಡಾರವನ್ನೇ ವೆರೋ ಮೇಲೆ ಸುರಿಯಿತು. ಇಂಥ ಕಡೆ ಕೈಕೆಲಸ ನಡೆಯಲ್ಲ, ಒಂದು ಪ್ಲೇಟಿಗೆ 384 ಕುಳಿ, ಎಲ್ಲಾ ರೋಬೋಟ್ ಕೈ. 12,000ದಲ್ಲಿ ವೈರಸ್ ತಡೆದದ್ದು 100, ಡೋಸು ಏರಿಸಿದಂತೆ ಪರಿಣಾಮವೂ ಕ್ರಮವಾಗಿ ಏರಿದ್ದು 21, ಅದರಲ್ಲೂ ಮನುಷ್ಯರ ರಕ್ತದಲ್ಲಿ ಮುಟ್ಟಬಹುದಾದ ಡೋಸಿಗೆ ಕೆಲಸ ಮಾಡಿಯಾವು ಅನ್ನಿಸಿದ್ದು 13. ಜರಡಿ ಹಿಡಿದ ಹಾಗೆ.

ಇನ್ನೊಂದು ದಾರಿ ಇದೆ. ವೈರಸ್ಸನ್ನೇ ಮುಟ್ಟದೆ ಅದರ ಒಂದು ಪ್ರೋಟೀನನ್ನು ಮಾತ್ರ ತೆಗೆದು ಅದಕ್ಕೆ ಸರಿಹೊಂದುವ ಬೀಗ ಹುಡುಕೋದು. ಕೊರೋನಾದ ಗುಳಿಗೆ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ನಿರ್ಮಾಟ್ರೆಲ್ವಿರ್ ಹೀಗೆ ಕೊರೋನಾದ ಪ್ರೋಟಿಯೇಸ್ ಕತ್ತರಿಗೆ ಹಾಕಿದ ಬೀಗ. ಅದಕ್ಕೂ ಜೊತೆಗೆ ರಿಟೊನಾವಿರ್ ಬೇಕು, ಇಲ್ಲದಿದ್ದರೆ ನಮ್ಮ ಲಿವರ್ ಅದನ್ನು ಬೇಗನೇ ಅರಗಿಸಿಬಿಡುತ್ತದೆ. ತಟ್ಟೆಗೆ ಲಿವರ್ ಇಲ್ಲವಲ್ಲ.

ಎಲ್ಲಾ ವೈರಸ್ಸನ್ನೂ ಎಲ್ಲಾ ಲ್ಯಾಬಿನಲ್ಲಿ ಬಿಚ್ಚುವ ಹಾಗಿಲ್ಲ. ನಿಪಾದಂಥದ್ದಕ್ಕೆ ನಾಲ್ಕನೇ ಹಂತದ ಸುರಕ್ಷತೆ ಇರುವ ಲ್ಯಾಬ್ ಬೇಕು, ಗಾಳಿ ಕೊಳವೆ ಸಿಕ್ಕಿಸಿಕೊಂಡ ಇಡೀ ಮೈಯ ಉಡುಪು ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಲ್ಲಿ ಅಂಥದ್ದು ಶುರುವಾಯಿತು. ಮಂಗನ ಕಾಯಿಲೆಯ ವೈರಸ್ಸೂ ಹೀಗೇ ಬಿಗಿ ಕಾವಲಿನದು, 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿ, 2015–16ರ ಹೊತ್ತಿಗೆ ಗೋವಾ, ಸಿಂಧುದುರ್ಗಕ್ಕೆ ಬಂದಿದೆ, ಅಂದ್ರೆ ಖಾನಾಪುರದ ಬೆನ್ನ ಹಿಂದೆ. ಇಂಥ ವೈರಸ್ಸುಗಳ ವೇಷವನ್ನು ಲ್ಯಾಬಿನವರು ಬೇರೆಯದಕ್ಕೆ ಹಾಕಿಸುತ್ತಾರೆ. ನಿರುಪದ್ರವಿ ವೈರಸ್ಸೊಂದಕ್ಕೆ ಅಪಾಯಕಾರಿ ವೈರಸ್ಸಿನ ಹೊರಕವಚ ತೊಡಿಸೋದು, ಮೊಹರಂನಲ್ಲಿ ಹುಲಿ ವೇಷ ಹಾಕಿದ ಹಾಗೆ. ನೋಡೋಕೆ ಹುಲಿ, ಕೋಶದ ಬಾಗಿಲು ಬಡಿಯೋದೂ ಹುಲಿಯ ಹಾಗೇ, ಕಚ್ಚಲ್ಲ, ಮರಿಯನ್ನೂ ಹಾಕಲ್ಲ. ಒಳಗೆ ಮಿಂಚುಹುಳದ ಜೀನ್ ಇಟ್ಟಿರುತ್ತಾರೆ. ಕೋಶ ಹೊಕ್ಕರೆ ಬೆಳಕು, ಔಷಧಿ ತಡೆದರೆ ಕತ್ತಲೆ. ಆದರೆ ಇದು ಬಾಗಿಲಿನ ಪರೀಕ್ಷೆ ಮಾತ್ರ. ಒಳಗೆ ಹೊಕ್ಕ ಮೇಲೆ ನಡೆಯುವ ಕೆಲಸವನ್ನು ತಡೆಯುವ ಔಷಧಿ ಇಲ್ಲಿ ಕಾಣಿಸೋದೇ ಇಲ್ಲ.

‘ಯಾವಾಗ’ ಅನ್ನೋ ಪ್ರಶ್ನೆ ಬಾಕಿ ಇತ್ತಲ್ಲ. ಔಷಧಿಯನ್ನು ವೈರಸ್ಸಿಗಿಂತ ಮೊದಲು, ವೈರಸ್ ಜೊತೆಗೆ, ಎರಡು ತಾಸು ಬಿಟ್ಟು, ಆರು ತಾಸು ಬಿಟ್ಟು ಬೇರೆ ಬೇರೆ ಕುಳಿಗೆ ಹಾಕುತ್ತಾರೆ. ಮೊದಲೇ ಹಾಕಿದರೆ ಮಾತ್ರ ಕೆಲಸ ಮಾಡಿತು ಅಂದ್ರೆ ಅದು ಬಾಗಿಲು ಕಾಯುವ ಔಷಧಿ. ಚಿಕುನ್‌ಗುನ್ಯಾ ಮೇಲೆ ಕ್ಲೋರೋಕ್ವಿನ್ ಚೆನ್ನಾಗಿ ಓಡಿದ್ದು ಹೀಗೆ ಮೊದಲೇ ಹಾಕಿದಾಗ. ಆದರೆ ಯಾವ ನೇಕಾರ ಸೊಳ್ಳೆ ಕಚ್ಚುವ ಮೊದಲು ದವಾಖಾನೆಗೆ ಬರುತ್ತಾನೆ? ಜ್ವರ ಬಂದು, ಎರಡು ದಿನ ಮನೆಯಲ್ಲೇ ನೋಡಿ, ಮೂರನೇ ದಿನ ಬರೋದು. ಅಷ್ಟರಲ್ಲಿ ವೈರಸ್ ಒಳಗೆಲ್ಲ ತುಂಬಿರುತ್ತದೆ.

ಇಷ್ಟಾದ ಮೇಲೂ ಕಾಕಾ ಬಿಡಲಿಲ್ಲ. ‘ಆತಪಾ, ಮಂಗ್ಯಾನ ಕಿಡ್ನಿ ತಿಳೀತು. ಈ ಬಳ್ಳಿ ಎಲ್ಲಾದ್ರಾಗೂ ಪಾಸ್ ಆತು ಅಂತ ತಿಳ್ಕೊ. ದಿನಾ ಎಷ್ಟ ಕುಡೀಬೇಕು?’

ಲೆಕ್ಕ ಮಾಡೋಣ ಅಂದೆ, ಅವರ ಉದ್ರಿ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲೇ. ತಟ್ಟೆಯಲ್ಲಿ ಒಂದು ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಸಾರ ಹಾಕಿದಾಗ ವೈರಸ್ ಅರ್ಧಕ್ಕೆ ಇಳಿಯಿತು ಅಂತ ಸುಮ್ನೆ ಇಟ್ಟುಕೊಳ್ಳೋಣ. ಮೈಯಲ್ಲಿ ಐದು ಲೀಟರ್ ರಕ್ತ, ಅಂದ್ರೆ ರಕ್ತದಲ್ಲಿ ಒಂದೇ ಹೊತ್ತಿಗೆ ಒಂದು ಗ್ರಾಂ ಸಾರ ಓಡಾಡಬೇಕು. ವೈರಸ್ ರಕ್ತದಲ್ಲಷ್ಟೇ ಇರಲ್ಲ, ಕೀಲಿಗೂ ಹೋಗುತ್ತದೆ, ಮೈಯ ನೀರೆಲ್ಲ ಸೇರಿಸಿ 40 ಲೀಟರ್ ಹಿಡಿದರೆ ಎಂಟು ಗ್ರಾಂ. ಕುಡಿದದ್ದರಲ್ಲಿ ನೂರಕ್ಕೆ ಒಂದು ಪಾಲು ಕರುಳು ದಾಟಿತು ಅಂದುಕೊಂಡರೆ 800 ಗ್ರಾಂ ಸಾರ ನುಂಗಬೇಕು. ಹತ್ತು ಕಿಲೋ ಒಣ ಬಳ್ಳಿಯಿಂದ ಒಂದು ಕಿಲೋ ಸಾರ ಬರುತ್ತದೆ ಅಂದ್ರೆ ಎಂಟು ಕಿಲೋ ಒಣ ಬಳ್ಳಿ. ಒಂದು ಡೋಸಿಗೆ. ಅದೂ ವೈರಸ್ಸನ್ನು ಅರ್ಧಕ್ಕೆ ಇಳಿಸಲು ಮಾತ್ರ.

ಕಾಕಾ ಕನ್ನಡಕ ಮೇಲೇರಿಸಿ ಹಾಳೆಯನ್ನು ಒಂದು ಸಲ ನೋಡಿದರು, ಹಿತ್ತಲಲ್ಲಿ ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯನ್ನು ಒಂದು ಸಲ ನೋಡಿದರು. ‘ಇದು ಒಣಗಿದ್ರ ಅರ್ಧಾ ಕಿಲೋನೂ ಆಗೂದಿಲ್ಲಲೇ’ ಅಂದರು.